ನಾಲ್ಕು ಮನೆಗೆ ಒಂದು ಎಂಜಿನ್

ಮಾಸ್ತರರೇ,

ಬೆಟಗೇರಿಯಿಂದ ನಿಮ್ಮ ಈರಣ್ಣ ಬರೆಯುತ್ತಿದ್ದೇನೆ, ಬೈಂಡಿಂಗ್ ಅಂಗಡಿಯವನು. ನೀವಿರುವ ಕಡೆ ಟಪಾಲು ಮುಟ್ಟುತ್ತದೋ ಇಲ್ಲವೋ ಗೊತ್ತಿಲ್ಲ. ಮುಟ್ಟಿದರೂ ಈ ಕಾಗದ ಓದಿ ನಿಮಗೆ ಖುಷಿಯಾಗುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನನಗೆ ಹೇಸಿಗೆಯಾಗಿದೆ. ಮಂದಿಯ ಮೇಲೆ ಹೇಸಿಗೆ, ದುಡ್ಡಿನ ಮೇಲೆ ಹೇಸಿಗೆ, ಒಂದೊಂದು ಸಲ ನಾವು ಅಷ್ಟು ಪ್ರೀತಿಯಿಂದ ಓಡಿಸಿದ ಆ ಪುಟ್ಟ ರೈಲಿನ ಮೇಲೂ. ಮನೆಯಲ್ಲಿ ಹೇಳಿಕೊಳ್ಳೋಣವೆಂದರೆ ನನ್ನಾಕೆ, "ತೆಲಿ ಬೆಳ್ಳಗಾದ್ರೂ ಆಟಿಗಿ ಸಾಮಾನಿನ ಸಲುವಾಗಿ ಹೊಡದಾಡ್ತೀರಲ್ಲ, ನಾಚಿಕಿ ಬರೂದಿಲ್ಲೇನ್ರಿ?" ಎಂದು ಎದ್ದು ಹೋಗುತ್ತಾಳೆ. ಆಟಿಕೆ ಎಂಬ ಮಾತು ಕಿವಿಗೆ ಬಿದ್ದರೆ ನಿಮಗೆ ಎಂಥ ಸಿಟ್ಟು ಬರುತ್ತಿತ್ತು! ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಮುಂಬೈಯ ಆ ಮಾದರಿ ರೈಲಿನ ಅಂಗಡಿ ನೆನಪಿದೆಯೇ? ಗಾಜಿನ ಕಪಾಟಿನೊಳಗೆ ಜರ್ಮನಿಯ ಕಪ್ಪು ಉಗಿ ಎಂಜಿನ್, ಗೇಣುದ್ದವೂ ಇರಲಿಲ್ಲ. ಹೊರಗೆ ತೆಗೆದು ತೋರಿಸುತ್ತೀರಾ ಎಂದು ನಿಮ್ಮ ಶಾಲೆಯ ಹಿಂದಿಯಲ್ಲಿ ಕೇಳಿದಿರಿ. ಅಂಗಡಿಯವನು ಮೊದಲು ನಿಮ್ಮ ಧೋತರ ನೋಡಿದ, ಆಮೇಲೆ ನನ್ನ ಚಪ್ಪಲಿ ನೋಡಿದ, ಆಮೇಲೆ ಬೆಲೆ ಹೇಳಿದ. ಕಪಾಟಿನ ಕೀಲಿ ಮಾತ್ರ ತೆಗೆಯಲಿಲ್ಲ. ನಮ್ಮ ಕಡೆ ಆ ದುಡ್ಡಿಗೆ ಹಿಂಡುವ ಎಮ್ಮೆ ಬರುತ್ತದೆ. ಹೋಗಲಿ, ಅಷ್ಟಕ್ಕೇ ಮುಗಿಯಿತೇ? ಹಳಿಗೆ ಬೇರೆ, ಬೋಗಿಗೆ ಬೇರೆ, ಕರೆಂಟಿನ ಪೆಟ್ಟಿಗೆಗೆ ಬೇರೆ. ಎಮ್ಮೆ ಮಾರುವವನು ಅದರ ಕೊರಳ ಹಗ್ಗಕ್ಕೆ ಬೇರೆ ದುಡ್ಡು ಕೇಳುತ್ತಾನೆಯೇ? ಹೊರಗೆ ಬಂದು ನಾನು ಅವನ ಮೆಟ್ಟಿಲ ಪಕ್ಕ ಉಗುಳಿದೆ, ನೀವು ನನ್ನನ್ನು ಬೈದಿರಿ.

ಬರಿಗೈಯಲ್ಲಿ ಊರಿಗೆ ಮರಳುವಾಗ ರೈಲಿನ ಕಿಟಕಿಯ ಬಳಿ ಕುಳಿತು ಹಿಂದೆ ಓಡುವ ಹಳಿಗಳನ್ನೇ ನೋಡುತ್ತಿದ್ದಿರಿ. ನಾನು ಆಸೆ ಬಿಟ್ಟಿದ್ದೆ. ನೀವು ಇದ್ದಕ್ಕಿದ್ದಂತೆ ನನ್ನ ತೊಡೆಗೆ ಬಡಿದು, "ಲೇ ಈರಣ್ಣಾ, ಕಣಗಿನಹಾಳದಾಗ ಮಂದಿ ಕೂಡಿ ಸಾಲದ ಸಂಘ ಕಟ್ಟಿದ್ರು. ನಾವು ಕೂಡಿ ಒಂದು ಎಂಜಿನ್ ತಗೊಳ್ಳಾಕ ಆಗೂದಿಲ್ಲೇನು? ಖರೇ ರೈಲರ ಒಬ್ಬನ ಸೊತ್ತೈತೇನು?" ಎಂದಿರಿ. ದೇಶದ ಮೊದಲ ಸಹಕಾರ ಸಂಘ ಹುಟ್ಟಿದ ನಮ್ಮ ಸೀಮೆ ಬಿಟ್ಟರೆ ಇದು ಬೇರೆ ಯಾವ ಊರಿನವರ ತಲೆಗೂ ಹೊಳೆಯುವ ಮಾತಲ್ಲ ಬಿಡಿ. ಶಿರಹಟ್ಟಿಯ ಔಷಧಿ ಅಂಗಡಿಯ ಚನ್ನಬಸಪ್ಪ, ಲಕ್ಷ್ಮೇಶ್ವರದಲ್ಲಿ ಆಗ ಕಾಳು ಮಾರಿಸುವ ಅಡತಿ ಅಂಗಡಿಯ ಗುಮಾಸ್ತನಾಗಿದ್ದ ರುದ್ರಣ್ಣ, ಬೆಟಗೇರಿಯಲ್ಲಿ ನಾನು, ಮುಂಡರಗಿಯಲ್ಲಿ ನೀವು. ನಾಲ್ಕು ಪಾಲಿನ ದುಡ್ಡು ಕೂಡಿಸಿ ಅದೇ ಎಂಜಿನ್ ತಂದೆವು. ನಾಲ್ಕು ಮನೆಯಲ್ಲಿ ಹಳಿ, ಎಂಜಿನ್ ಒಂದೇ. ತಿಂಗಳಿಗೊಬ್ಬರ ಪಾಳಿ. ಪಾಳಿ ಇದ್ದವನ ಮನೆಯಿಂದ ಎಂಜಿನ್ ಎತ್ತುವ ಹಕ್ಕು ಉಳಿದವರಿಗೆ ಇಲ್ಲ, ಮನೆಗೆ ತಹಶೀಲ್ದಾರ ಬಂದರೂ ಇಲ್ಲ.

ಆ ಎಂಜಿನ್ ಊಟದ ಸ್ಟೀಲ್ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿ ಊರೂರು ತಿರುಗಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಹಳಿಯ ಮೇಲೆ ಓಡಿದ್ದಕ್ಕಿಂತ ಸರ್ಕಾರಿ ಬಸ್ಸಿನಲ್ಲಿ ಓಡಿದ್ದೇ ಹೆಚ್ಚು. ಕೊಂಡ ಹಳಿಗೆ ಯಾರ ಹತ್ತಿರ ದುಡ್ಡಿತ್ತು? ನನ್ನ ಅಂಗಡಿಯಲ್ಲಿ ಉಳಿದ ದಪ್ಪ ರಟ್ಟಿನ ಪಟ್ಟಿಗಳು, ಅವಕ್ಕೆ ಹಿತ್ತಾಳೆಯ ಸಣ್ಣ ಮೊಳೆ, ಮೊಳೆಗೆ ಬೆಸೆದ ತಂತಿಯೇ ಹಳಿ. ನಮ್ಮ ಮೂವರದೂ ಹಲಗೆಯ ಮೇಲೆ ಗಾಣದ ಎತ್ತಿನ ಹಾಗೆ ಸುತ್ತುವ ದಾರಿ. ನಿಮ್ಮದು ಮಾತ್ರ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ, ಗದಗದಿಂದ ಮುಂಡರಗಿಗೆ. ಮುಂಡರಗಿಗೆ ರೈಲೇ ಇಲ್ಲವಲ್ಲ ಮಾಸ್ತರರೇ, ಎಂದರೆ, "ಸರಕಾರ ಹಾಕೂತನ ಕಾಯ್ಕೋತ ಕುಂಡ್ರಲೇನು?" ಎನ್ನುತ್ತಿದ್ದಿರಿ. ಎಂಜಿನ್ ಬಂದ ರಟ್ಟಿನ ಡಬ್ಬಿಯನ್ನು ಕತ್ತರಿಸಿ ಮುಂಡರಗಿ ಸ್ಟೇಷನ್ನಿಗೆ ಛಾವಣಿ ಹೊದಿಸಿದಿರಿ. ನಾನೇ ಅಂಟು ಹಚ್ಚಿಕೊಟ್ಟೆ.

ದಸರೆಯ ಖಂಡೇಪೂಜೆಯ ದಿನ ಎಂಜಿನ್ ಯಾರ ಪಾಳಿಯಲ್ಲಿದ್ದರೂ ನಾಲ್ವರೂ ಅಲ್ಲಿ ಸೇರುತ್ತಿದ್ದೆವು. ನನ್ನ ಕಟಿಂಗ್ ಮಷಿನ್‌ಗೆ, ರುದ್ರಣ್ಣನ ತಕ್ಕಡಿಗೆ ಪೂಜೆಯಾದ ಮೇಲೆ ಇದಕ್ಕೂ. ನೀವು ಮುಂಭಾಗಕ್ಕೆ ಮೂರು ಎಳೆ ವಿಭೂತಿ ಎಳೆದು ನಡುವೆ ಕುಂಕುಮ ಇಡುತ್ತಿದ್ದಿರಿ. ಅದು ಎಷ್ಟು ಸಲ ಒರೆಸಿದರೂ ಹೊಗೆಕೊಳವೆಯ ಬುಡದಲ್ಲಿ ಕೆಂಪಗೆ ಉಳಿದುಹೋಯಿತು. ಹರಕೆಯ ಗುರುತಿನ ಹಾಗೆ ಅದೂ ಇರಲಿ ಎಂದು ಬಿಟ್ಟೆವು.

ನೀವು ಕೊನೆಯ ಸಲ ನನ್ನ ಅಂಗಡಿಗೆ ಬಂದಾಗ ಮೊಬೈಲಿನಲ್ಲಿ ಒಬ್ಬ ಹುಡುಗನ ವಿಡಿಯೋ ತೋರಿಸಿದೆನಲ್ಲ? ರೈಲು ಮಾದರಿ ಶ್ರೀಮಂತರ ಹವ್ಯಾಸ ಎನ್ನುವುದು ಸುಳ್ಳು, ದಿನಕ್ಕೊಂದು ಹೊರಗಿನ ಕಾಫಿ ಬಿಟ್ಟರೆ ವರ್ಷಕ್ಕೊಂದು ಎಂಜಿನ್ ಕೊಳ್ಳಬಹುದು ಎಂದು ಹಲ್ಲು ಕಿರಿಯುತ್ತಾ ಹೇಳಿದ. ನೀವು ಕನ್ನಡಕ ಏರಿಸಿ ಕೇಳಿದಿರಿ, "ಅದ್ಯಾವ ಕಾಫಿಲೇ ಅದು?" ನಾವು ಒಂದು ಚಹಾ ತರಿಸಿ ಇಬ್ಬರು ಕುಡಿಯುವವರು. ಏನು ಬಿಡಬೇಕಿತ್ತು ನಾವು, ಉಸಿರೇ? ಅವನ ಹಿಂದಿನ ಗೋಡೆ ತುಂಬ ಎಂಜಿನ್‌ಗಳಿದ್ದವು. ಅಂಥವರು ಅಗ್ಗ ಎನ್ನುತ್ತಾರೆ. ದುಬಾರಿ ಎಂದು ನೇರವಾಗಿ ಹೇಳಿ ಬಾಗಿಲು ಹಾಕಿಕೊಂಡರೆ ಎಷ್ಟೋ ವಾಸಿ.

ನಿಮ್ಮನ್ನು ಮಣ್ಣು ಮಾಡಿ ಬಂದ ದಿನ ನಡೆದದ್ದನ್ನು ಹೇಳಲೋ ಬೇಡವೋ ಎಂದು ಬಹಳ ಯೋಚಿಸಿದೆ. ಹೇಳುತ್ತೇನೆ. ಅಂಗಳದಲ್ಲಿ ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದೆವು. ರುದ್ರಣ್ಣ ತಂಬಿಗೆ ನನ್ನ ಕೈಗೆ ಕೊಡುತ್ತಾ ಮೆಲ್ಲಗೆ, "ಎಂಜಿನ್ ಒಳಗ ಐತಿ ಹೌದಿಲ್ಲೋ? ಈಗ ಅದರ ರೇಟ್ ಎಲ್ಲಿಗೆ ಹೋಗೈತಿ ಗೊತ್ತೈತೇನು?" ಎಂದ. ಗುಮಾಸ್ತನಾಗಿದ್ದಾಗ ಪಾಲಿನ ದುಡ್ಡನ್ನು ಕಂತಿನಲ್ಲಿ ಕೊಟ್ಟವನು ಇದೇ ರುದ್ರಣ್ಣನಲ್ಲವೇ? ಈಗ ಅಡತಿ ಅಂಗಡಿ ಅವನದೇ, ಬೇಕಿದ್ದರೆ ಇಂಥ ನಾಲ್ಕು ಎಂಜಿನ್ ತಾನೊಬ್ಬನೇ ಕೊಳ್ಳಬಲ್ಲ. ಕೊಳ್ಳುವ ಶಕ್ತಿ ಬಂದ ಕೂಡಲೇ ಓಡಿಸುವ ಆಸೆ ಎಲ್ಲಿ ಹೋಯಿತು? ನಿಮ್ಮ ಮೇಲಿನ ಮಣ್ಣು ಇನ್ನೂ ಹಸಿಯಾಗಿತ್ತು, ಮಾಸ್ತರರೇ. ಆ ತಂಬಿಗೆಯನ್ನು ಅವನ ತಲೆಗೆ...

ನಿಮ್ಮ ಹೆಸರಿನ ಶಿವಗಣಾರಾಧನೆ ಮುಗಿದ ಕೆಲ ದಿನಕ್ಕೆ ರುದ್ರಣ್ಣ ಹುಬ್ಬಳ್ಳಿಯ ಗಿರಾಕಿಯೊಬ್ಬನನ್ನು ಕಾರಿನಲ್ಲಿ ಕೂರಿಸಿಕೊಂಡು ನಿಮ್ಮ ಮನೆಗೆ ಹೊರಟ. ನನ್ನನ್ನೂ ಚನ್ನಬಸಪ್ಪನನ್ನೂ ದಾರಿಯಲ್ಲಿ ಹತ್ತಿಸಿಕೊಂಡ. ಮೂರು ಪಾಲು ಒಂದು ಕಡೆಯಾದರೆ ಮಾರಾಟ, ಅದು ನೀವೇ ಮಾಡಿದ ನಿಯಮ. ರುದ್ರಣ್ಣನದು ಮಾರುವ ಕಡೆ. ಚನ್ನಬಸಪ್ಪ, "ನೀವೆಲ್ಲ ಹೆಂಗಂತೀರಿ ಹಂಗ" ಎಂದು ಕಿಟಕಿಯ ಹೊರಗೆ ನೋಡಿದ. ಅಂದರೆ ಅವನದೂ ಮಾರುವ ಕಡೆಯೇ. ನಾನು ಆಗದು ಎಂದೆ. ಉಳಿದದ್ದು ನಿಮ್ಮ ಪಾಲು, ಅಂದರೆ ನಿಮ್ಮ ಮನೆಯಾಕೆ ಶಾಂತಕ್ಕನ ಮಾತು. ಇಷ್ಟು ವರ್ಷ ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಮಾಡಿದ ರೈಲನ್ನು ಅವರು ಇಟ್ಟುಕೊಳ್ಳುತ್ತಾರೆಂದು ನನಗೂ ನಂಬಿಕೆ ಇರಲಿಲ್ಲ. ಕಾರಿನ ತಂಪಿನಲ್ಲಿ ಕುಳಿತು ಒಳಗೊಳಗೇ ಬೇಯುತ್ತಿದ್ದೆ.

ಆ ಗಿರಾಕಿ ನಿಮ್ಮ ಪಡಸಾಲೆಯಲ್ಲಿ ಕುಳಿತ ರೀತಿಯನ್ನು ನೀವು ನೋಡಬೇಕಿತ್ತು. ಚಹಾದ ಲೋಟವನ್ನು ಗದಗ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಮೇಲೆ ಇಟ್ಟ! ಕಿಸೆಯಿಂದ ಭೂತಗನ್ನಡಿ ತೆಗೆದು ಎಂಜಿನ್ನನ್ನು ಅಂಗಾತ ಮಾಡಿ ನೋಡಿದ, ದನದ ಪೇಟೆಯಲ್ಲಿ ಹಲ್ಲು ಎಣಿಸುವವರ ಹಾಗೆ. "ಗಾಲಿ ಸವದಾವು. ಇಲ್ಲಿ ತುಕ್ಕು ಹಿಡದೈತಿ" ಎಂದು ಕೊಳವೆಯ ಬುಡವನ್ನು ಉಗುರಿನಿಂದ ಕೆರೆದ. ಶಾಂತಕ್ಕ ಬಾಗಿಲಲ್ಲಿ ನಿಂತು, "ತುಕ್ಕಲ್ಲಪಾ, ಕುಂಕುಮ ಅದು" ಎಂದರು. ಅವನಿಗೆ ಅರ್ಥವೇ ಆಗಲಿಲ್ಲ.

"ಆಂಟಿ, ಇದರದು ಒರಿಜಿನಲ್ ಬಾಕ್ಸ್ ಐತ್ರಿ?"

"ಐತಲ್ಲ. ಅಲ್ನೋಡ್ರಿ, ಟೇಶನ್ ಮ್ಯಾಲ ಹೊಚ್ಚೈತಿ."

ಅವನು ಮುಂಡರಗಿಯ ಛಾವಣಿಯನ್ನು ನೋಡಿ ತಲೆ ಹಿಡಿದುಕೊಂಡ. ಆ ಖಾಲಿ ರಟ್ಟಿನ ಡಬ್ಬಿ ಇಡಿಯಾಗಿ ಇದ್ದಿದ್ದರೆ ಎಂಜಿನ್ನಿಗೆ ದುಪ್ಪಟ್ಟು ಕೊಡುತ್ತಿದ್ದನಂತೆ. ಒಳಗಿನ ಎಂಜಿನ್ನಿಗಿಂತ ಹೊರಗಿನ ರಟ್ಟಿಗೆ ಬೆಲೆ ಕಟ್ಟುವ ಮಂದಿ! ನಾನು ಜೀವಮಾನವೆಲ್ಲ ರಟ್ಟು ಕತ್ತರಿಸಿ ಹೊಟ್ಟೆ ಹೊರೆದವನು, ಇಂಥದ್ದನ್ನು ಕೇಳಿರಲಿಲ್ಲ. ರುದ್ರಣ್ಣ ಹಲ್ಲು ಕಚ್ಚಿ, "ಮಾಸ್ತರ ಶಾಣ್ಯಾ ಇದ್ರು ಖರೆ, ಆದ್ರ ಇಂಥಾ ಹುಚ್ಚುತನ ಯಾರರ ಮಾಡ್ತಾರೇನು?" ಎಂದ. ಅದೂ ನಿಮ್ಮ ಫೋಟೋದ ಎದುರಿಗೆ. "ಬಾಯಿ ಮುಚ್ಚಲೇ ರುದ್ರ್ಯಾ" ಎಂದು ನಾನು ಎದ್ದೇಬಿಟ್ಟಿದ್ದೆ, ಚನ್ನಬಸಪ್ಪ ನನ್ನ ಅಂಗಿ ಹಿಡಿದು ಕೂರಿಸಿದ.

ಶಾಂತಕ್ಕ ಮಾತ್ರ ಸಿಟ್ಟಾಗಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಆ ಗಿರಾಕಿಯನ್ನು ಕೇಳಿದರು, "ನಿಮ್ಮ ಮನ್ಯಾಗ ಇಂಥಾವು ಭಾಳ ಅದಾವೇನ್ರಿ?"

"ಗ್ವಾಡಿ ತುಂಬ ಅದಾವ್ರಿ ಆಂಟಿ. ಎಲ್ಲಾ ಬಾಕ್ಸಿನ್ಯಾಗ. ಒಂದೂ ಬಿಚ್ಚಿಲ್ಲ."

"ಮತ್ತ ಯಾವಾಗ ಓಡಸ್ತೀರಿ?"

"ಓಡಸೂದಿಲ್ಲರಿ. ಓಡಿಸಿದ್ರ ರೇಟ್ ಬೀಳತೈತಿ."

ಅವರು ಅವನ ಮುಖವನ್ನು ಒಂದು ಗಳಿಗೆ ನೋಡಿದರು. ಹಳಸಿದ ಸಾರಿನ ಗಡಿಗೆಯ ಮುಚ್ಚಳ ತೆರೆದವರು ಹಾಗೆ ನೋಡುತ್ತಾರೆ. ಆಮೇಲೆ ನನ್ನತ್ತ ತಿರುಗಿ, "ಈರಣ್ಣಾರ, ಈಗ ಯಾರ ಪಾಳಿ?" ಎಂದರು. ನಿಮ್ಮ ಪಾಳಿ, ಮಾಸ್ತರರೇ. ಎಂಜಿನ್ ನಿಮ್ಮ ಮನೆಗೆ ಬಂದ ವಾರದಲ್ಲೇ ನೀವು ಮಲಗಿದಿರಿ, ಆ ತಿಂಗಳು ಅದು ಓಡಲೇ ಇಲ್ಲ. ಹಾಗೆಂದು ಹೇಳಿದೆ. "ಹಂಗಾದ್ರ ಅವರ ಪಾಳಿ ನನಗ ಬಂತು. ಪಾಳಿ ಮುಗಿಯೂತನ ಯಾರೂ ಎತ್ತೂಹಂಗಿಲ್ಲ" ಎಂದವರೇ ಎಂಜಿನ್ನನ್ನು ಅವನ ಕೈಯಿಂದ ಇಸಿದುಕೊಂಡು ಹಳಿಯ ಮೇಲೆ ಇಟ್ಟರು. ರುದ್ರಣ್ಣ ಏನೋ ಹೇಳಲು ಬಾಯಿ ತೆರೆದ. "ಚಹಾ ಆರತೈತಿ, ಕುಡೀರಿ" ಎಂದರು. ಮರಳುವಾಗ ನಾನು ಅವನ ಕಾರು ಹತ್ತಲಿಲ್ಲ, ಬಸ್ಸಿಗೆ ಬಂದೆ.

ಮೊನ್ನೆ, ಪಾಳಿ ನನ್ನದಾಯಿತೆಂದು, ಮುಂಡರಗಿಗೆ ಹೋಗಿದ್ದೆ. ನಾನು ಎಂಜಿನ್ ತಂದುಬಿಟ್ಟರೆ ರುದ್ರಣ್ಣನ ಕೈಗೆ ಸಿಗದ ಹಾಗೆ ಎಲ್ಲಾದರೂ ಬಚ್ಚಿಡಬೇಕು ಎಂಬ ಕಳ್ಳ ಯೋಚನೆಯೂ ಇತ್ತು. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಮುಂಡರಗಿ ಸ್ಟೇಷನ್ನಿನಲ್ಲಿ ಮುಗಿಯುತ್ತಿದ್ದ ಹಳಿ ಮುಗಿದಿರಲಿಲ್ಲ! ಹೊಸ್ತಿಲ ಪಕ್ಕ ಕೊರೆದ ಸಂದಿನಲ್ಲಿ ತೂರಿ ಅಡುಗೆಮನೆಗೆ ಹೋಗಿತ್ತು. ಶಾಂತಕ್ಕ ನೆಲದ ಮೇಲೆ ಕುಳಿತು ಮೊಳೆಗೆ ತಂತಿ ಬೆಸೆಯುತ್ತಿದ್ದರು, ನಿಮ್ಮದೇ ಕನ್ನಡಕ ಹಾಕಿಕೊಂಡು. ಪಳಗಿದ ಕೈ. ಇಷ್ಟು ವರ್ಷ ನೀವು ಬೆಸೆಯುವಾಗ ತಂತಿಯ ಇನ್ನೊಂದು ತುದಿ ಹಿಡಿದು ಕೂತಿದ್ದವರು ಅವರೇ ಅಲ್ಲವೇ? ಎಂಜಿನ್ ಕೇಳುವುದು ಹೇಗೆಂದು ನಿಂತೆ.

"ಇನ್ನೂ ಪಾಳಿ ಮುಗಿದಿಲ್ಲರಿ," ಎಂದರು ತಲೆ ಎತ್ತದೆ. "ರೈಲು ಕೊರ್ಲಹಳ್ಳಿ ಮುಟ್ಟೂದು ಬಾಕಿ ಐತಿ. ರುದ್ರಣ್ಣಗೂ ಫೋನಿನ್ಯಾಗ ಹಂಗ ಹೇಳೀನಿ." ಒಲೆಯ ಆಚೆ, ಕುಡಿಯುವ ನೀರಿನ ಹಂಡೆಯ ಪಕ್ಕ ಒಂದು ಬೆಂಕಿಪೊಟ್ಟಣ ನಿಲ್ಲಿಸಿದ್ದರು. ಹಂಡೆ ತುಂಗಭದ್ರೆಯಂತೆ, ಬೆಂಕಿಪೊಟ್ಟಣ ಕೊರ್ಲಹಳ್ಳಿ ಸ್ಟೇಷನ್ನಂತೆ. ಹೊಳೆಯ ದಂಡೆಯ ಆ ಕೊರ್ಲಹಳ್ಳಿ ಅವರ ತವರು ಎಂಬುದು ನಮ್ಮಲ್ಲಿ ಯಾರಿಗೆ ತಿಳಿದಿರಲಿಲ್ಲ? ಅಷ್ಟು ಸಭೆ ಮಾಡಿದೆವು, ಮುಂಡರಗಿಯ ಆಚೆ ಹಳಿ ಹಾಕಲು ದುಡ್ಡಿಲ್ಲ, ದುಡ್ಡಿಲ್ಲ ಎಂದು ಹಾಡಿದೆವು. ನೀವೂ ಹಾಡಿದಿರಿ. ಆಮೇಲೆ ನೋಡಿದರೆ ಒಂದು ಉಂಡೆ ಹಿತ್ತಾಳೆ ತಂತಿ, ನನ್ನ ಅಂಗಡಿಯ ಕಸದ ಬುಟ್ಟಿಯಲ್ಲಿ ಬೀಳುವ ರಟ್ಟು. ನಮ್ಮ ಮೇಲೆ ನನಗೆ ಹುಟ್ಟಿದ ಹೇಸಿಗೆಗೆ ಹೋಲಿಸಿದರೆ ಆ ಹುಬ್ಬಳ್ಳಿಯವನು ದೇವರಂಥವನು.

ನನ್ನ ಪಾಳಿಯನ್ನೂ ಅವರಿಗೇ ಬಿಟ್ಟುಕೊಟ್ಟು ಬಂದಿದ್ದೇನೆ, ಮಾಸ್ತರರೇ. ಬರುವ ಸೋಮವಾರ ಒಂದು ಚೀಲ ರಟ್ಟಿನ ಪಟ್ಟಿ ಕತ್ತರಿಸಿಕೊಂಡು ಮತ್ತೆ ಹೋಗುತ್ತೇನೆ. ಹೊರಡುವಾಗ ಸುಮ್ಮನಿರಲಾರದೆ, ಇಷ್ಟು ತ್ರಾಸು ಯಾಕೆ ಅಕ್ಕಾರ, ಎಂದುಬಿಟ್ಟೆ. ಅವರು ಬೆಸುಗೆಯ ಹೊಗೆಯನ್ನು ಊದಿ ಹೇಳಿದರು:

"ಮದಿವಿ ಆದಾಗಿಂದ ಬಸ್ಸಿನ್ಯಾಗ ನಿಂತ ತವರಮನಿಗಿ ಹೋಗೀನಿ. ಒಮ್ಮೆ ಕುಂತು ಹೋಗ್ತೀನಿ ಬಿಡ್ರಿ."