ನಿಲ್ಲಿಸಿದ ಗಡಿಯಾರದ ಆರು ನಿಮಿಷ

ಮಂಗಳವಾರ, ಮಧ್ಯಾಹ್ನ
ಲ್ಯಾಬಿನ ಮೇಜಿನಿಂದ

ನನ್ನ ಮೊಂಡು ಅಮ್ಮನಿಗೆ,

ಫೋನಿನಲ್ಲಿ ಕೇಳಿದರೆ ಮಾತು ಹಾರಿಸುತ್ತೀಯ, ಅದಕ್ಕೇ ಈ ಪತ್ರ. ಪೂರ್ತಿ ಓದು.

ಚಿಕ್ಕಮ್ಮ ನಿನ್ನೆ ಎಲ್ಲ ಹೇಳಿಬಿಟ್ಟಳು. ದಿನಾ ಆರು ನಿಮಿಷ ನಡೆದು, ಎಷ್ಟು ಮೀಟರ್ ಆಯಿತೆಂದು ಪುಸ್ತಕದಲ್ಲಿ ಬರೆದಿಡಲು ಡಾಕ್ಟರು ಹೇಳಿದ್ದರು. ನೀನೋ, ಮನೆಯೊಳಗೆ ನಾಲ್ಕು ಸುತ್ತು ಹಾಕಿದಾಗಲೊಮ್ಮೆ ಕುರ್ಚಿಯಲ್ಲಿ ಕೂತು ಏದುಸಿರು ಬಿಡುತ್ತಿದ್ದೆಯಂತೆ. ಕೂತಾಗಲೆಲ್ಲ ಸ್ಟಾಪ್‌ವಾಚ್ ನಿಲ್ಲಿಸುತ್ತಿದ್ದೆಯಂತೆ! ಅವಳು ಕೇಳಿದ್ದಕ್ಕೆ, "ಆಟ ನಿಂತಾಗ ಟೈಮೂ ನಿಲ್ಬೇಕಲ್ವೇನೇ? ಮೂವತ್ತು ವರ್ಷ ಸ್ಕೂಲಲ್ಲಿ ಮಕ್ಕಳಿಗೆ ಆಟ ಆಡ್ಸಿದೀನಿ, ನಂಗೆ ಹೇಳ್ಕೊಡ್ಬೇಡ" ಅಂದೆಯಂತೆ. ಅಮ್ಮಾ, ಸುಸ್ತಾಗಿ ಕೂತ ಹೊತ್ತೂ ಆ ಆರು ನಿಮಿಷದೊಳಗೇ ಸೇರಬೇಕು. ನೀನು ಪುಸ್ತಕದಲ್ಲಿ ಬರೆದ ನಾನೂರ ಇಪ್ಪತ್ತು ಮೀಟರಿಗೆ ಗೋಡೆ ಗಡಿಯಾರದ ಪ್ರಕಾರ ಹದಿನೇಳು ನಿಮಿಷ ಹಿಡಿದಿದೆ.

ನನ್ನ ಪಾಡು ಕೇಳು. ನಿನ್ನ ಸ್ಕ್ಯಾನ್ ನೋಡಿ ಶ್ವಾಸಕೋಶದ ರಕ್ತನಾಳಗಳನ್ನು ಕಂಪ್ಯೂಟರಿನಲ್ಲಿ ಕವಲು ಕವಲಾಗಿ ಕಟ್ಟಿ, ಅದರಲ್ಲಿ ರಕ್ತ ಹರಿಸಿ, ಎಲ್ಲಿ ಎಷ್ಟು ಒತ್ತಡ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ನಾಳಗಳು ಬಿಗಿದುಕೊಂಡಿವೆ, ರಕ್ತ ತಳ್ಳಿ ತಳ್ಳಿ ಹೃದಯದ ಬಲಭಾಗ ಸೋಲುತ್ತಿದೆ ಎಂದು ಲೆಕ್ಕ ಹೇಳುತ್ತಿತ್ತು. ನೀನು ಗುಂಡುಕಲ್ಲಿನ ಹಾಗಿದ್ದೀಯ ಎಂದು ನಿನ್ನ ಪುಸ್ತಕ ಹೇಳುತ್ತಿತ್ತು. ಮೂರು ವಾರ ನನ್ನ ಲೆಕ್ಕದಲ್ಲೇ ತಪ್ಪು ಹುಡುಕಿ ತಲೆ ಕೆಟ್ಟುಹೋಯಿತು. ಮಾತ್ರೆ ಸಾಕೋ, ಕೊಳವೆಯಿಂದ ಬಿಡದೆ ಔಷಧಿ ಹರಿಸಬೇಕೋ ಎಂದು ತಿಳಿಯಲು ಹೃದಯದೊಳಗೆ ತೆಳು ನಳಿಕೆ ಇಳಿಸಿ ಒತ್ತಡ ಅಳೆಯಬೇಕಿತ್ತು. ಆ ಪರೀಕ್ಷೆಯೂ ನಿನ್ನ ದೆಸೆಯಿಂದ ಮುಂದಕ್ಕೆ ಹೋಯಿತು.

ಯಾರಿಗೆ ತೋರಿಸಬೇಕಿತ್ತು ಈ ಶೌರ್ಯ? ಬೈದು ಬೈದು ಸಾಕಾಗಿದೆ. ನಿಜವಾಗಿ ನನಗೆ ಹೆದರಿಕೆ, ಅಮ್ಮಾ. ಈಗಾಗಲೇ ತಡವಾಗಿಬಿಟ್ಟಿದ್ದರೆ?

ಗುರುವಾರ ಬೆಳಿಗ್ಗೆ ಆ ನಳಿಕೆಯ ಪರೀಕ್ಷೆ. ಎಂಟಕ್ಕೆ ಬರುತ್ತೇನೆ. ದಮ್ಮಯ್ಯ, ಮೆಟ್ಟಿಲು ಇಳಿದು ಬಂದು ಕಾಯುತ್ತಾ ನಿಲ್ಲಬೇಡ.

ನಿನ್ನ ಮೇಲೆ ಉರಿದುಬೀಳುತ್ತಿರುವ
ಮಗಳು

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಮೂರು ವಾರ ಹುಡುಕಿದರೂ ನನ್ನ ಲೆಕ್ಕದಲ್ಲಿ ತಪ್ಪು ಸಿಗಲಿಲ್ಲ. ಆದರೂ ನಿನ್ನ ನಾನೂರ ಇಪ್ಪತ್ತಕ್ಕೆ ಹೊಂದುವವರೆಗೆ ಕಂಪ್ಯೂಟರಿನಲ್ಲಿ ನಾಳಗಳನ್ನು ನಾನೇ ಸಡಿಲ ಮಾಡಿ, ಚಿತ್ರ ಚೆನ್ನಾಗಿ ಕಂಡ ಮೇಲೆ ಡಾಕ್ಟರಿಗೆ ಕಳಿಸಿದೆ. ನೀನು ಹುಷಾರಾಗಿರಬೇಕು ಅಂತ ಅಷ್ಟು ಆಸೆಯಾಗಿತ್ತು. ಇವತ್ತು ಬೆಳಿಗ್ಗೆ ಅವರ ಮುಂದೆ ನಿಂತು ಒಪ್ಪಿಕೊಂಡು ಬಂದೆ. ಅವರು ನಿನ್ನ ಪುಸ್ತಕವನ್ನು ಮೊದಲಿನಿಂದಲೂ ನಂಬಿರಲಿಲ್ಲವಂತೆ. ನನ್ನ ಚಿತ್ರ ನೋಡಿದ ಮೇಲೆಯೇ ಪರೀಕ್ಷೆ ಮುಂದಕ್ಕೆ ಹಾಕಿದರಂತೆ.