ಕಣ್ಣು ತೆರೆದೇ ಶವಾಸನ

ಜೂನ್ 3, ಸೋಮವಾರ
ಇವತ್ತೂ ಹದಿನಾಲ್ಕು ಗಂಟು ಬೆಡ್‌ಶೀಟ್. ಮಡಚುವ ಮೇಜು ಬಿಟ್ಟು ಹಬೆಯ ಯಂತ್ರದ ಕಡೆ ಕದಲಲಿಲ್ಲ. ನಮ್ಮ ಆಸ್ಪತ್ರೆ ಲಾಂಡ್ರಿಯಲ್ಲಿ ಹಬೆಯ ಪೈಪ್ ಒಡೆದು, ಅಕ್ಕನ ಎರಡೂ ಕೈ ಬೆಂದು ನಾಲ್ಕು ತಿಂಗಳು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಒಂಬತ್ತು ವರ್ಷ ನನ್ನ ಎದುರು ಶೀಟಿನ ಆ ತುದಿ ಹಿಡಿದವಳು. ಕುಕ್ಕರ್ ಕೂಗಿದರೆ ಈಗಲೂ ಕಾಲು ತಾನಾಗಿ ಬಾಗಿಲಿಗೆ ಓಡುತ್ತದೆ. ಅಮ್ಮ ಕುಕ್ಕರನ್ನು ಅಟ್ಟಕ್ಕೆ ಹಾಕಿದ್ದಾಳೆ.

ಜೂನ್ 5, ಬೆಳಿಗ್ಗೆ 8
ಯೋಗದ ಕ್ಲಾಸ್. ಕಲಿಸುವವರು ರಿಟೈರ್ಡ್ ನರ್ಸ್, ಎಲ್ಲರಿಗೂ ಸಿಸ್ಟರ್. ಶವಾಸನದಲ್ಲಿ ಕಣ್ಣು ಮುಚ್ಚಿದೆ — ಬಿಳಿ ಹಬೆ, ಅಕ್ಕನ ಕೂಗು. ಎದ್ದು ಚಪ್ಪಲಿ ಹುಡುಕಿದೆ. ಸಿಸ್ಟರ್ ತಡೆಯಲಿಲ್ಲ.
“ಕಣ್ಣು ಬಿಟ್ಕೊಂಡೇ ಮಲಗಮ್ಮ. ಬಾಗಿಲು ಕಾಣೋ ಹಾಗೆ.”
ಮಲಗಿದೆ.

ಜೂನ್ 19
ಸಿಸ್ಟರ್ ಹೇಳಿದರು, ಆದದ್ದೆಲ್ಲ ಮನಸ್ಸಿನಲ್ಲಿ ಗೆರೆ ಎಳೆದು ಹೋಗುತ್ತದಂತೆ. ಯೋಗದಲ್ಲಿ ಅದಕ್ಕೇ ಸಂಸ್ಕಾರ ಅನ್ನುವುದು. ಸದ್ದು ಕೇಳಿದೊಡನೆ ಮೈ ಹಳೆಯ ಗೆರೆಯಲ್ಲೇ ಓಡುತ್ತದೆ. ಬೈದುಕೊಂಡರೆ ಅಳಿಯದು, ಪಕ್ಕದಲ್ಲಿ ಹೊಸದು ಎಳೆಯಬೇಕು, ದಿನಾ, ಚೂರುಚೂರು. ಅಹಿಂಸೆ ಮೊದಲು ತನ್ನ ಮೇಲೇ ಎಂದರು. ಕೇಳಲು ಚೆನ್ನ. ಆದರೆ ಸಿಸ್ಟರ್‌ಗೆ ಗೊತ್ತಿಲ್ಲ... ಅಕ್ಕ ಬಿದ್ದದ್ದು ನೋಡಿಯೂ ನಾನು ಓಡಿದೆ.

ಜುಲೈ 24
ಬರೆಯದೆ ತಿಂಗಳಾಯಿತು. ಇವತ್ತು ಕ್ಲಾಸ್ ಮುಗಿದ ಮೇಲೆ ಸಿಸ್ಟರ್‌ಗೆ ಎಲ್ಲ ಹೇಳಿಬಿಟ್ಟೆ. ಸಮಾಧಾನ ಮಾಡಲಿಲ್ಲ. ಅಹಿಂಸೆಯ ಪಕ್ಕದಲ್ಲೇ ಸತ್ಯ ಇರುವುದು ಎಂದರು.
“ಯಾರಿಗೆ ಹೇಳ್ಬೇಕೋ ಅವ್ರಿಗೆ ಹೇಳಿದ್ಯಾ?”
ಚಾಪೆ ಸುತ್ತಿಕೊಂಡು ಹೊರಟೆ.

ಜುಲೈ 28, ಭಾನುವಾರ ಸಂಜೆ
ಅಕ್ಕನ ಮನೆಗೆ ಹೋದೆ. ಅವಳ ಬೆರಳು ಇನ್ನೂ ಪೂರ್ತಿ ಮಡಚಲಾಗುವುದಿಲ್ಲ. ಹೊಸ್ತಿಲಲ್ಲೇ ನಿಂತು ಹೇಳಿದೆ — ನೋಡಿದ್ದೆ, ಆದರೂ ಓಡಿದೆ. ಅಕ್ಕ ಪಕ್ಕಕ್ಕೆ ಸರಿದು ಒಳಗೆ ಜಾಗ ಬಿಟ್ಟಳು.
“ನಂಗೊತ್ತು. ನಿನ್ ಬೆನ್ನು ಕಾಣ್ತಿತ್ತು. ನಾನೂ ಓಡ್ತಾನೇ ಇದ್ದೆ ಕಣೇ. ಕಾಲು ಜಾರ್ತು, ಅಷ್ಟೆ.” ಬೆರಳು ನೀವಿಕೊಳ್ಳುತ್ತ, “ಓಡಿದ್ದಕ್ಕೆ ಸಿಟ್ಟಿಲ್ಲ. ಆರು ತಿಂಗ್ಳು ಈ ಕಡೆ ತಲೆ ಹಾಕ್ಲಿಲ್ಲ ನೋಡು, ಅದಕ್ಕೆ.”
ಇಬ್ಬರೂ ಅತ್ತೆವು. ಬಾಚಣಿಗೆ ಹಿಡಿಯಲಾಗದೆ ಅವಳ ಕೂದಲು ಗಂಟುಗಂಟಾಗಿತ್ತು. ಬಾಚಿಕೊಟ್ಟೆ.

ಆಗಸ್ಟ್ 11, ಭಾನುವಾರ
ಮೂರನೇ ವಾರ. ಈಗ ಇಬ್ಬರೂ ಒಟ್ಟಿಗೆ ಉಸಿರು ಎಣಿಸುತ್ತೇವೆ. ಎಂಟಕ್ಕೆ ಬರುವಷ್ಟರಲ್ಲಿ ಅಕ್ಕ ಲೆಕ್ಕ ತಪ್ಪಿ ನಗುತ್ತಾಳೆ. ಇವತ್ತು ಬಾಚಣಿಗೆ ನನ್ನಿಂದ ಕಿತ್ತುಕೊಂಡಳು. ಎರಡು ಸಲ ಬಿತ್ತು.
“ಈ ಕಡೆ ತಿರುಗು. ನಿಂದೂ ಸಿಕ್ಕಾಗಿದೆ.”
ಅರ್ಧ ಗಂಟೆ ಹಿಡಿಯಿತು. ಜಡೆ ಓರೆಕೋರೆ. ಬಿಚ್ಚಲು ಮನಸ್ಸಿಲ್ಲ. ಯಾರು ಹಾಕಿದ್ದು ಇದನ್ನ ಎಂದು ಅಮ್ಮ ಕೇಳುತ್ತಿದ್ದಾಳೆ. ಅಕ್ಕ ಹಾಕಿದ್ದು ಎಂದೆ.