ಬೆಳ್ಳಿ ಅಂಚಿನ ಇಪ್ಪತ್ತೇಳನೇ ಕಾರ್ಡು

ಫೆಬ್ರವರಿ 3, ಸೋಮವಾರ

ಬೆಳಿಗ್ಗೆಯಿಂದ ಪಾಸ್‌ಪೋರ್ಟ್ ಫೋಟೋ, ಪಾಸ್‌ಪೋರ್ಟ್ ಫೋಟೋ. ಎರಡೂ ಕಿವಿ ಕಾಣುವಂತೆ ನೆಟ್ಟಗೆ ಕೂರಲು ಒಬ್ಬರಿಗೂ ಬರುವುದಿಲ್ಲ. ಸಂಜೆ ಕಂಪ್ಯೂಟರಿಗೆ ಹಾಕಿದೆ. ನನಗೆ ಜನರ ಹೆಸರು ನಿಲ್ಲುವುದಿಲ್ಲ, ಮುಖ ನಿಲ್ಲುತ್ತದೆ. ಅದಕ್ಕೇ ಫೈಲಿನ ಹೆಸರೆಲ್ಲ ಹಾಗೆ: ಗಡ್ಡ-2, ಮೂಗು, ಹಲ್ಲು. ಭಾವನದು ‘ಬೋಳು’. ಗೊತ್ತಾದರೆ ನನ್ನನ್ನು ಮನೆಗೆ ಸೇರಿಸುವುದಿಲ್ಲ.

ಮಧ್ಯೆ ಫೋಟೋ ಬೆಳಕಿನ ಪಾಠದ ಕಾರ್ಡಿನ ಕೆಲಸ. ನಲವತ್ತರಲ್ಲಿ ಅರ್ಧ ಮುಗಿಯಿತು. ಮುಂದೆ ಒಂದು ಮುಖ. ಹಿಂದೆ ನಕ್ಷೆ: ದೀಪ ಎಲ್ಲಿ, ಬಿಳಿ ಹಲಗೆ ಎಲ್ಲಿ, ಕ್ಯಾಮೆರಾ ಎಲ್ಲಿ. ಅದರ ಕೆಳಗೆ ನನ್ನ ಕೈಬರಹದಲ್ಲೇ ಎರಡು ಸಾಲು. ಕೈಬರಹ ಪ್ರೆಸ್ಸಿನವರ ಐಡಿಯಾ. "ಅಚ್ಚಿನ ಅಕ್ಷರ ಎಲ್ಲಾ ಕಡೆ ಸಿಗುತ್ತೆ ಮೇಡಂ. ಜನ ಕೂಡಿಡೋದು ಕೈಯಲ್ಲಿ ಬರೆದಿದ್ದನ್ನ." ಐದೈದು ಕಾರ್ಡು ಹಾಕಿ ಪೊಟ್ಟಣ ಅಂಟಿಸಿಬಿಡುವುದು. ಒಳಗೆ ಯಾವುದಿದೆಯೋ ಒಡೆದ ಮೇಲೇ ಗೊತ್ತು. ಒಂದೇ ಎರಡೆರಡು ಬಂದರೆ ಇನ್ನೊಬ್ಬರ ಹತ್ತಿರ ಬದಲಾಯಿಸಿಕೊಳ್ಳಬೇಕು. ಬೆಳಕಿನ ಪಾಠ ಹೇಳಿ ಹೇಳಿ ಇಪ್ಪತ್ತು ವರ್ಷ ಗಂಟಲು ಹರಿದುಕೊಂಡೆ, ಕ್ಲಾಸಿನಲ್ಲಿ ಆಕಳಿಸಿದರು. ಈಗ ಪೊಟ್ಟಣಕ್ಕೆ ಮುಗಿಬೀಳುತ್ತಾರಂತೆ. ನೋಡೋಣ.

ಫೆಬ್ರವರಿ 11, ಮಂಗಳವಾರ, ಸಂಜೆ

ಇಪ್ಪತ್ತೇಳನೇ ಕಾರ್ಡು ತಲೆ ತಿನ್ನುತ್ತಿತ್ತು. ‘ಮರೆಸುವ ಬೆಳಕು’. ಒಂದೇ ಮುಖ, ಎರಡು ಫೋಟೋ. ಒಂದರಲ್ಲಿ ದೀಪ ಎದುರಿಗೆ, ಮುಖದ ಕೊರತೆ ಎದ್ದು ಕಾಣಬೇಕು. ಇನ್ನೊಂದರಲ್ಲಿ ದೀಪ ಪಕ್ಕಕ್ಕೆ, ಕೊರತೆ ಕತ್ತಲಲ್ಲಿ ಮುಚ್ಚಿಹೋಗಬೇಕು. ಉಳಿದ ಕಾರ್ಡುಗಳಿಗೆಲ್ಲ ಕೂತ ಬ್ಯಾಂಕಿನ ಹುಡುಗಿಗೆ ಕೊರತೆ ಅನ್ನುವುದೇ ಇಲ್ಲ. "ತುಟಿ ಒಂದು ಕಡೆ ಎಳಿ" ಎಂದೆ. ಎಳೆದಳು, ನಕ್ಕಳು, ಎಳೆದಳು, ನಕ್ಕಳು. ಕಳಿಸಿಬಿಟ್ಟೆ.

ಆರು ಗಂಟೆಗೆ ಅಕ್ಕ ಬಂದಳು. ಕನ್ನಡಕದ ಅಂಗಡಿ ಮುಗಿಸಿಕೊಂಡು ಮನೆಗೆ ಹೋಗುವ ದಾರಿಯಲ್ಲಿ ಇಲ್ಲಿ ಬಂದು ಸ್ಟೂಲಿನ ಮೇಲೆ ಕೂರುತ್ತಾಳೆ. "ಇವತ್ತು ಯಾವ ಬೆಳಕು ಪುಟ್ಟಿ?" ನಲವತ್ಮೂರು ವರ್ಷಕ್ಕೂ ನಾನು ಪುಟ್ಟಿ.

ಐದು ವರ್ಷದ ಹಿಂದೆ ಒಂದು ಬೆಳಿಗ್ಗೆ ಎದ್ದಾಗ ಅವಳ ಎಡ ಮುಖ ಜಾರಿತ್ತು. ನರದ ತೊಂದರೆ, ಹೋಗುತ್ತೆ ಎಂದರು. ಮುಕ್ಕಾಲು ಹೋಯಿತು, ಕಾಲು ಉಳಿಯಿತು. ತುಟಿಯ ತುದಿ ಕೆಳಗೆ, ಕಣ್ಣು ಸಣ್ಣ. ಆಮೇಲೆ ಯಾರಿಗೂ ಫೋಟೋ ಕೊಟ್ಟಿಲ್ಲ. ಮಗಳ ಮದುವೆ ಆಲ್ಬಮ್ ನಾನೇ ಮಾಡಿದ್ದು. ಅದರಲ್ಲಿ ಅಕ್ಕ ಎರಡು ಕಡೆ ಇದ್ದಾಳೆ, ಎರಡರಲ್ಲೂ ಬೆನ್ನು. ಆದರೆ ನನ್ನ ಸ್ಟೂಲಿನ ಮೇಲೆ ಕೂರುತ್ತಾಳೆ, ಯಾಕೆಂದರೆ ಲೈಟ್ ಟೆಸ್ಟ್ ಫೋಟೋ ಅಲ್ಲ. ಬೆಳಕು ನೋಡುತ್ತೇನೆ, ಅಳಿಸುತ್ತೇನೆ. ಸ್ಟುಡಿಯೋ ಶುರುವಾದಾಗಿನಿಂದ ಅದೇ ನಿಯಮ. ಅಳಿಸಿದೆಯಾ ಎಂದು ಒಮ್ಮೆಯೂ ಕೇಳಿದವಳಲ್ಲ.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ? ಇವತ್ತು ಅಳಿಸಲಿಲ್ಲ. ಅದಕ್ಕೆ. ಬೇಕೆಂದು ಮಾಡಿದ್ದಲ್ಲ. ಟೆಸ್ಟ್ ನಡೆಯುತ್ತಿತ್ತು, ದೀಪ ಆ ಕಡೆ ಈ ಕಡೆ ಆಯಿತು, ನೋಡಿದರೆ ನನಗೆ ಬೇಕಾದ ಎರಡೂ ಫೋಟೋ ಅಲ್ಲೇ ಇದ್ದವು.

ಫೆಬ್ರವರಿ 12

ಎರಡೂ ಫೋಟೋದಿಂದ ಹಣೆ, ಕೂದಲು ಕತ್ತರಿಸಿದೆ. ಹುಬ್ಬಿನಿಂದ ಗಲ್ಲದವರೆಗೆ ಅಷ್ಟೇ. ಯಾರೂ ಗುರುತು ಹಿಡಿಯುವುದಿಲ್ಲ. ಹಿಂದೆ ಬರೆದೆ: "ಎಲ್ಲ ಮುಖದಲ್ಲೂ ಒಂದು ಕೊರತೆ ಇರುತ್ತದೆ. ಅದನ್ನು ಕತ್ತಲೆಗೆ ಕೊಟ್ಟುಬಿಡಿ." ಓದಿಕೊಂಡರೆ ಚೆನ್ನಾಗಿದೆ. ನಲವತ್ತರಲ್ಲಿ ಇದೇ ಚೆನ್ನಾಗಿದೆ.

ಅಕ್ಕನನ್ನು ಕೇಳಬೇಕಿತ್ತು. ಕೇಳಿದರೆ ಬೇಡ ಅನ್ನುತ್ತಿದ್ದಳು. ಅದಕ್ಕೇ ಕೇಳಲಿಲ್ಲ… ಇದಕ್ಕಿಂತ ನೆಟ್ಟಗೆ ಬರೆಯಲು ಆಗುವುದಿಲ್ಲ. ಪ್ರೆಸ್ಸಿಗೆ ಕಳಿಸಿದೆ.

ಮಾರ್ಚ್ 8, ಶನಿವಾರ

ಪ್ರೆಸ್ಸಿಗೆ ಹೋಗಿದ್ದೆ. ಮಸಿಯ ವಾಸನೆ, ಕತ್ತರಿಸುವ ಯಂತ್ರದ ಸದ್ದು. ಪ್ರೆಸ್ಸಿನವರು ಹಾಳೆ ಹರಡಿ ಇಪ್ಪತ್ತೇಳರ ಮೇಲೆ ಬೆರಳಿಟ್ಟರು.

"ಅಯ್ಯೋ ಮೇಡಂ, ಉಳಿದಿದ್ದೆಲ್ಲಾ ಪಾಠ. ಇದು ನೋಡಿ, ಮನುಷ್ಯರು! ಬೆಳ್ಳಿ ಅಂಚು ಇದಕ್ಕೇ ಕೊಡೋಣ. ಐವತ್ತೇ ಹಾಕೋದು. ಇದಕ್ಕೋಸ್ಕರ ಜನ ಪೊಟ್ಟಣದ ಮೇಲೆ ಪೊಟ್ಟಣ ಒಡೀಬೇಕು."

ಬೇಡ ಎನ್ನಬಹುದಿತ್ತು. ಬಾಯಿ ತೆರೆದರೆ ಕಾರಣ ಹೇಳಬೇಕು. ಹೂಂ ಎಂದೆ. ಬರೀ ಹೂಂ ಅಲ್ಲ, ಖುಷಿಯಾಯಿತು. ನನ್ನ ಕೆಲಸವನ್ನು ಯಾರಾದರೂ ಹೀಗೆ ಹೊಗಳಿ ಎಷ್ಟು ಕಾಲವಾಗಿತ್ತು! ದಾರಿಯುದ್ದಕ್ಕೂ ನಗುತ್ತಾ ಬಂದೆ. ಇದನ್ನೂ ಬರೆದಿಡುತ್ತೇನೆ.

ಸಂಜೆ ಅಕ್ಕ ಕೂತಳು. ಅವಳ ಕಣ್ಣು ನೋಡದೆ ಬೆಳಕು ಅಳೆಯುವ ಮೀಟರ್ ನೋಡಿದೆ.

ಏಪ್ರಿಲ್ 6, ಭಾನುವಾರ

ಕ್ಯಾಮೆರಾ ಕ್ಲಬ್ಬಿನ ಹೊರಗೆ ಬೆಂಚಿನ ತುಂಬ ಕಾರ್ಡು. ಪೊಟ್ಟಣ ಮಾರಾಟಕ್ಕೆ ಬಂದ ಹತ್ತು ದಿನಕ್ಕೇ ಇಷ್ಟು ಹುಚ್ಚು ಹಿಡಿದಿದೆ. ರಿಟೈರ್ ಆದ ಇಂಜಿನಿಯರ್ ಒಬ್ಬರು ಚಿಕ್ಕ ಮಗುವಿನ ಹಾಗೆ ಪೊಟ್ಟಣವನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಎದೆ ಉಬ್ಬಿತು. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಕಿವಿಗೆ ಬಿತ್ತು.

"ಸೊಟ್ಟಮ್ಮ ಸಿಕ್ಕಿದಳಾ ಸರ್?"

"ಎಲ್ಲಿ ಸಿಗ್ತಾಳೆ! ಮೂರು ಕಾರ್ಡ್ ಕೊಡ್ತೀನಿ ಅಂದ್ರೂ ಆ ಡ್ರಾಯಿಂಗ್ ಟೀಚರ್ ಬಿಡ್ತಿಲ್ಲ, ತಮ್ಮ ಸೊಟ್ಟಮ್ಮನ್ನ."

ಎಲ್ಲರೂ ನಕ್ಕರು. ಕೆಟ್ಟ ಜನರಲ್ಲ. ಕಾರ್ಡಿಗೆ ಅದೇ ಹೆಸರು ಎಂದುಕೊಂಡಿದ್ದಾರೆ.

ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ನುಂಗಲಿಲ್ಲ. ಬೆಂಚಿನ ಮೇಲೆ ಕೂತು ಚೌಕಾಸಿಗೆ ಇಳಿದೆ.

"ನೀವೇ ಮಾಡಿದ್ದಲ್ವಾ ಮೇಡಂ, ನಿಮ್ಮ ಹತ್ರ ಇಲ್ವಾ?"

"ಬೇಕಾಗಿದೆ" ಎಂದೆ. ಇನ್ನೇನು ಹೇಳಲಿ. ‘ಚಿಟ್ಟೆ ಬೆಳಕು’ ಕಾರ್ಡು ಕೊಟ್ಟೆ, ‘ಕಿಟಕಿ ಬೆಳಕು’ ಕೊಟ್ಟೆ, ಇಡೀ ಸೆಟ್ಟನ್ನೇ ಕೊಟ್ಟೆ. ಮನೆಗೆ ಬರುವಾಗ ಕೈಯಲ್ಲಿ ನಾಲ್ಕು ಇಪ್ಪತ್ತೇಳು. ಪ್ರೆಸ್ಸಿಗೆ ಫೋನ್ ಮಾಡಿದರೆ ಉಳಿದವೆಲ್ಲ ಪೊಟ್ಟಣದೊಳಗೆ ಸೇರಿ ಊರಾಚೆ ಹೋಗಿವೆ. ನಾಲ್ಕನ್ನೂ ಕತ್ತರಿಸಿ ಹಾಕೋಣವೆಂದು ಕತ್ತರಿ ಹಿಡಿದೆ. ಅಕ್ಕನ ಮುಖ. ಕತ್ತರಿಸಲು ಆಗಲಿಲ್ಲ. ಡ್ರಾಯರಿನಲ್ಲಿಟ್ಟೆ.

ಅಕ್ಕ ಕ್ಯಾಮೆರಾ ಕ್ಲಬ್ಬಿನ ಕಡೆ ತಲೆ ಹಾಕುವವಳಲ್ಲ. ಅದೊಂದೇ ಧೈರ್ಯ.

ಏಪ್ರಿಲ್ 12, ಶನಿವಾರ

ಅಕ್ಕ ಬಂದಿಲ್ಲ. ಮೊನ್ನೆಯೂ ಬರಲಿಲ್ಲ. ಫೋನ್ ಮಾಡಿದರೆ "ಸ್ಟಾಕ್ ಬಂದಿದೆ, ಕೆಲಸ ಜಾಸ್ತಿ" ಎಂದಳು. ದನಿಯಲ್ಲಿ ಏನೂ ಇಲ್ಲ. ಏನೂ ಇಲ್ಲದಿರುವುದೇ ಭಯ.

ಏಪ್ರಿಲ್ 15, ಮಂಗಳವಾರ, ಮಧ್ಯಾಹ್ನ

ಅವಳ ಅಂಗಡಿಗೆ ಹೋದೆ. ವಯಸ್ಸಾದವರೊಬ್ಬರ ಕನ್ನಡಕದ ಕಡ್ಡಿ ಬಿಸಿ ಮಾಡಿ ಬಗ್ಗಿಸುತ್ತಿದ್ದಳು. ಕಿವಿ ಹಿಂದೆ ಬೆರಳು ಆಡಿಸಿ ನೋಡಿದಳು, ಮತ್ತೆ ತೆಗೆದು ಬಗ್ಗಿಸಿದಳು. ದಿನವಿಡೀ ಜನರ ಮುಖಕ್ಕೆ ಗೇಣು ದೂರದಲ್ಲಿ ಇರುತ್ತಾಳೆ. ಎಡಗಡೆ ಗೋಡೆ ಬರುವ ಹಾಗೆ ಕೂರುತ್ತಾಳೆ. ಇಷ್ಟು ವರ್ಷ ನೋಡಿಯೂ ನನಗೆ ಅದು ಕಂಡಿರಲಿಲ್ಲ.

ಅವರು ಹೋದ ಮೇಲೆ ಸ್ಕ್ರೂ ಡಬ್ಬಿಯ ಅಡಿಯಿಂದ ಕಾರ್ಡು ತೆಗೆದು ಗಾಜಿನ ಮೇಲಿಟ್ಟಳು. ಬೆಳ್ಳಿ ಅಂಚು.

"ಡ್ರಾಯಿಂಗ್ ಟೀಚರ್ ಒಬ್ರು ಬಂದಿದ್ರು, ಓದೋ ಕನ್ನಡಕಕ್ಕೆ. ನಮ್ಮ ಓದೋ ಬೋರ್ಡ್ ಮಾಸಿಹೋಗಿದೆಯಲ್ಲ, ನಿಮ್ಮ ಹತ್ರ ಸಣ್ಣ ಅಕ್ಷರದ್ದು ಏನಾದ್ರೂ ಇದ್ರೆ ಓದಿ ನೋಡಿ ಅಂದೆ. ಬ್ಯಾಗಿಂದ ಇದನ್ನ ತೆಗೆದ್ರು. ‘ಇದಕ್ಕೆ ಸೊಟ್ಟಮ್ಮ ಅಂತಾರೆ’ ಅಂದ್ರು, ನಗ್ತಾ. ಜೋರಾಗಿ ಓದಿದ್ರು. ‘ಕತ್ತಲೆಗೆ ಕೊಟ್ಟುಬಿಡಿ’ ಅಂತ. ಸರಿಯಾಗಿ ಕಾಣ್ತಿದೆಯಾ ಅಂತ ಕೇಳ್ದೆ. ಕಾಣ್ತಿದೆ ಅಂತ ತಲೆ ಎತ್ತಿದ್ರು, ನನ್ನ ನೋಡಿದ್ರು. ಪಾಪ, ಬೆವತುಬಿಟ್ರು. ಕಾರ್ಡ್ ಇಲ್ಲೇ ಬಿಟ್ಟು ಹೋದ್ರು."

ನಾನು ಕಾರ್ಡಿಗೆ ಕೈ ಹಾಕಿದೆ. ಅಕ್ಕ ಅದನ್ನು ತನ್ನ ಕಡೆಗೆ ಎಳೆದುಕೊಂಡಳು.

"ಅಕ್ಷರ ನೋಡಿದ ತಕ್ಷಣ ಗೊತ್ತಾಯ್ತು. ನಿಂಗೆ ಅಕ್ಷರ ತಿದ್ದಿಸಿದ್ದು ನಾನೇ ಅಲ್ವಾ."

"ಅಕ್ಕಾ, ತಪ್ಪಾಯ್ತು."

"ಒಂದು ಕೇಳ್ತೀನಿ. ಐದು ವರ್ಷದಿಂದ ನಾನು ಕೂತಾಗೆಲ್ಲಾ ದೀಪ ಬಲಗಡೇನೇ ಇಡ್ತಿದ್ದೆಯಲ್ಲ. ಯಾಕೆ?"

"ಪ್ಲಗ್ ಆ ಕಡೆ ಇದೆ."

"ಪ್ಲಗ್ ಎರಡೂ ಕಡೆ ಇದೆ ಪುಟ್ಟಿ."

ಅವಳು ಕಾರ್ಡು ತಿರುಗಿಸಿ ನಕ್ಷೆಯನ್ನೇ ನೋಡುತ್ತಿದ್ದಳು. "ನಿನ್ನ ಸ್ಟೂಲ್ ಮೇಲೆ ನಾನು ಹೆಂಗೆ ಬೇಕಾದ್ರೂ ಕೂತ್ಕೋಬಹುದು ಅಂದ್ಕೊಂಡಿದ್ದೆ. ಅಲ್ಲೂ ನೀನು ಮುಚ್ತಾನೇ ಇದ್ದೆ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಎದ್ದು ಬರುವಾಗ ಕೇಳಿದಳು: "ಸೊಟ್ಟಮ್ಮ ಅಂತ ಯಾರಿಟ್ಟಿದ್ದು?"

"ಪ್ರೆಸ್ಸಿನವರು" ಎಂದೆ.

ಏಪ್ರಿಲ್ 16, ಬೆಳಿಗ್ಗೆ

ಸ್ಟುಡಿಯೋ ತೆರೆದಿಲ್ಲ. ಇಲ್ಲಿಯವರೆಗೆ ಬರೆಯದೇ ಇದ್ದದ್ದನ್ನು ಬರೆಯಬೇಕು. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದುಕೊಂಡಿದ್ದೇನೆ, ನನ್ನಂಥವಳು ಇನ್ನೊಬ್ಬಳು ಇರಲಾರಳು.

ಫೆಬ್ರವರಿ ಹನ್ನೊಂದರಂದು ದೀಪ ತಾನಾಗಿ ಆ ಕಡೆ ಈ ಕಡೆ ಆಗಲಿಲ್ಲ. ನಾನು ಎತ್ತಿ ಎದುರಿಗೆ ಇಟ್ಟೆ. ಅಕ್ಕನ ಪೂರ್ತಿ ಮುಖದ ಮೇಲೆ ನಾನು ಬೆಳಕು ಬಿಟ್ಟದ್ದು ಐದು ವರ್ಷದಲ್ಲಿ ಅದೊಂದೇ ಸಲ. ಕದಿಯುವುದಕ್ಕೆ. ಅವಳು ಕಣ್ಣು ಕಿರಿದು ಮಾಡಿ "ಇವತ್ತು ಬಿಸಿಲಿದ್ದ ಹಾಗಿದೆ" ಎಂದು ನಕ್ಕಳು. ಆ ನಗುವೇ ಕಾರ್ಡಿನಲ್ಲಿರುವುದು.

ಇನ್ನೊಂದು. ಹೆಸರು ಪ್ರೆಸ್ಸಿನವರದಲ್ಲ. ನಾನು ಕಳಿಸಿದ ಫೈಲಿನ ಹೆಸರು ‘ಸೊಟ್ಟ-27’. ಎಂದಿನಂತೆ ಕಂಡದ್ದನ್ನು ಬರೆದೆ. ಗಡ್ಡ ಕಂಡರೆ ಗಡ್ಡ, ಮೂಗು ಕಂಡರೆ ಮೂಗು. ಅಕ್ಕನನ್ನು ನೋಡಿದಾಗ ನನ್ನ ಬೆರಳಿಗೆ ಬಂದದ್ದು ಅದು. ‘ಅಕ್ಕ’ ಎಂದು ಒತ್ತಲು ಎಷ್ಟು ಹೊತ್ತು ಬೇಕಿತ್ತು? ಪ್ರೆಸ್ಸಿನಲ್ಲಿ ಅದಕ್ಕೆ ಒಂದು ಅಮ್ಮ ಸೇರಿಸಿದರು, ಅದೇ ಕೊಳ್ಳುವವರ ಬಾಯಿಗೂ ಹೋಯಿತು, ಅಷ್ಟೇ. ನನಗಿಂತ ಅವರೇ ಮರ್ಯಾದಸ್ಥರು.

ನಾಚಿಕೆ ಅಂದರೆ ಕೆನ್ನೆ ಬಿಸಿಯಾಗುವುದು ಎಂದುಕೊಂಡಿದ್ದೆ. ಹಾಗಲ್ಲ. ಕೈ ತಣ್ಣಗಾಗುತ್ತದೆ, ಯಾವ ಕೆಲಸಕ್ಕೂ ಏಳುವುದಿಲ್ಲ.

ಫೈಲ್ ಅಳಿಸಲು ಕೂತೆ. ಅಳಿಸಲಿಲ್ಲ. ಅಳಿಸಿಬಿಟ್ಟರೆ ಹೇಳುವ ಅಗತ್ಯವೇ ಇಲ್ಲ ಎಂದು ನನ್ನ ಮನಸ್ಸು ಶುರು ಮಾಡುತ್ತದೆ, ನನಗೆ ನಾನು ಗೊತ್ತು. ಮೊದಲು ಅಕ್ಕನಿಗೆ ಹೇಳುವುದು. ಆಮೇಲೆ ಅಳಿಸುವುದು.

ಏಪ್ರಿಲ್ 17

ಪ್ರೆಸ್ಸಿಗೆ ಹೋಗಿ ಇಪ್ಪತ್ತೇಳನ್ನು ಮತ್ತೆ ಅಚ್ಚು ಹಾಕಬೇಡಿ ಎಂದೆ. "ಅದೇ ಓಡ್ತಿರೋದು ಮೇಡಂ!" ಅದು ನಮ್ಮಕ್ಕ ಎಂದೆ. ಪ್ರೆಸ್ಸಿನವರ ಮುಖದಲ್ಲಿದ್ದ ನಗು ಹೋಯಿತು. ಅವರೇ ಎದ್ದು ಅಚ್ಚಿನ ತಗಡು ತಂದು ನನ್ನೆದುರೇ ಗೀರಿ ಹಾಕಿದರು. "ಮೊದ್ಲೇ ಹೇಳಬಾರದಿತ್ತಾ?" ಎಂದರು. ಹೌದು.

ಮೇ 4, ಭಾನುವಾರ

ಹದಿನೇಳು ದಿನ ಬರೆಯಲಿಲ್ಲ. ಮೂರು ಸಲ ಅಕ್ಕನ ಮನೆ ಬಾಗಿಲವರೆಗೆ ಹೋದೆ. ಒಳಗೂ ಹೋದೆ, ಊಟವನ್ನೂ ಮಾಡಿದೆ. ಭಾವ ಇದ್ದರು, ಮಗಳು ಇದ್ದಳು, ಹೇಳಲು ಆಗಲಿಲ್ಲ. ಮೂರನೇ ಸಲ ಯಾರೂ ಇರಲಿಲ್ಲ. ಆಗಲೂ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಹತ್ತಕ್ಕೆ ಅಕ್ಕ ತಾನಾಗಿಯೇ ಸ್ಟುಡಿಯೋಗೆ ಬಂದಳು. ಚಪ್ಪಲಿ ಬಿಟ್ಟು ನೇರ ಸ್ಟೂಲಿನ ಮೇಲೆ. "ಮಗಳು ನನ್ನ ಫೋಟೋ ಕೇಳ್ತಿದ್ದಾಳೆ. ಮೊದ್ಲು ಟೆಸ್ಟ್ ಮಾಡು, ನೋಡೋಣ. ದೀಪ ಎಡಗಡೆ ಇಡು."

ಇಟ್ಟೆ. ಸ್ಟ್ಯಾಂಡ್ ಎರಡು ಸಲ ಜಾರಿತು. ಆರು ತೆಗೆದೆ. ಹೇಳಬೇಕು, ಇದೇ ಸಮಯ ಎಂದುಕೊಳ್ಳುತ್ತಿದ್ದೆ. ಆರೂ ಕಂಪ್ಯೂಟರಿನಲ್ಲಿ ಮೂಡಿದವು. ಅಕ್ಕ ಎದ್ದು ಬಂದು ನನ್ನ ಕುರ್ಚಿಯಲ್ಲಿ ಕೂತಳು. ಕನ್ನಡಕ ಹಾಕಿಕೊಂಡು ಒಂದೊಂದನ್ನೂ ನೋಡಿದಳು.

"ಯಾವುದು ಒತ್ತಿದ್ರೆ ಅಳಿಸುತ್ತೆ?"

ನಾನು ಅಳಿಸುತ್ತೇನೆ ಅಕ್ಕಾ ಎಂದೆ.

"ಇರ್ಲಿ. ನಾನೇ ಮಾಡ್ತೀನಿ."

ತೋರಿಸಿದೆ. ಐದನ್ನು ಅಳಿಸಿದಳು. ಒಂದೊಂದೂ ಹೋಯಿತೋ ಇಲ್ಲವೋ ಎಂದು ನೋಡಿ ಮುಂದಿನದಕ್ಕೆ ಹೋದಳು. ಅಂಗಡಿಯಲ್ಲಿ ಸ್ಕ್ರೂ ಬಿಗಿ ಮಾಡಿ ಅಲ್ಲಾಡಿಸಿ ನೋಡುತ್ತಾಳಲ್ಲ, ಹಾಗೆ. ಆರನೆಯದನ್ನು ಉಳಿಸಿಕೊಂಡಳು. "ಇದು ಪರವಾಗಿಲ್ಲ. ಇದನ್ನೇ ಮಗಳಿಗೆ ಕೊಡು." ಇನ್ನು ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಂಡೆ.

ಅಷ್ಟರಲ್ಲಿ ಅವಳು ಫೋಲ್ಡರ್ ಪೂರ್ತಿ ತೆರೆದಿದ್ದಳು. "ಬೇರೆ ಏನಾದ್ರೂ ಇಟ್ಕೊಂಡಿದ್ದೀಯಾ ಅಂತ ನೋಡ್ತೀನಿ ಅಷ್ಟೇ." ಬೆರಳಿಟ್ಟು ಹೆಸರು ಓದುತ್ತಾ ಬಂದಳು. "ಕನ್ನಡಕ… ಗಡ್ಡ-1, ಗಡ್ಡ-2… ಇದೇನೇ ಇದು, ಹೆಸರಾ? ಬೋಳು!" ತೆರೆದು ನೋಡಿದಳು. ಭಾವ. ನಕ್ಕಳು ನೋಡು, ಕುರ್ಚಿ ಅಲ್ಲಾಡುವ ಹಾಗೆ. "ನಮ್ಮನೆಯವರನ್ನ ಬೋಳು ಅಂತೀಯೇನೇ, ಕಳ್ಳಿ!" ಒಂದು ತಿಂಗಳಾಗಿತ್ತು ಅವಳು ನನ್ನೆದುರು ನಕ್ಕು. ನಾನೂ ನಕ್ಕೆ. ಆ ಅರ್ಧ ನಿಮಿಷ ಎಲ್ಲ ಮರೆತುಹೋಗಿತ್ತು, ಆ ಪಟ್ಟಿಯಲ್ಲಿ ಮುಂದೇನಿದೆ ಎನ್ನುವುದು ಕೂಡ.

"ಮೂಗು" ಎಂದಳು, ಇನ್ನೂ ನಗುತ್ತಾ.

ಆಮೇಲೆ ಬೆರಳು ‘ಸೊಟ್ಟ-27’ರ ಮೇಲೆ ನಿಂತಿತು. "ಅಕ್ಕಾ" ಎಂದೆ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಮತ್ತೆ ಹಾಕಿಕೊಂಡು ಅದೇ ಸಾಲನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಓದಿದಳು. ನಾನು ಹೇಳಬೇಕೆಂದೇ ಇದ್ದೆ, ಇವತ್ತೇ, ಈಗಲೇ, ಆರನೇ ಫೋಟೋ ಆದ ಮೇಲೆ… ಅವಳು ನನ್ನ ಕಡೆ ತಿರುಗಿ, "ಪ್ರೆಸ್ಸಿನವರು ಅಂದಿದ್ದೆಯಲ್ಲ ಪುಟ್ಟಿ" ಎಂದಳು.